ಧರ್ಮರಾಯನ ನಾಯಿಗೆ ಟಿಕೆಟ್ ಸಿಕ್ಕೀತೆ?

ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದ ಕಥೆ ನಿಮಗೆಲ್ಲ ತಿಳಿದದ್ದೇ. ಕುಮಾರವ್ಯಾಸನು ತನ್ನ ಕಾವ್ಯವನ್ನು ಗದಾಪರ್ವಕ್ಕೆ ಮುಗಿಸಿದ್ದರಿಂದ ಅವನಲ್ಲಿ ಇದು ದೊರೆಯದು. ನಮ್ಮಲ್ಲಿ ಹೆಚ್ಚಿನವರು ಇದನ್ನು ಕೇಳಿದ್ದು ಮನೆಯ ಹಿರಿಯರ ಬಾಯಿಂದ. ರಾಜ್ಯವನ್ನು ತೊರೆದು ಉತ್ತರಾಭಿಮುಖವಾಗಿ ಹೊರಟ ಪಾಂಡವರ ಹಿಂದೆ ಹಸ್ತಿನಾವತಿಯಿಂದಲೇ ಒಂದು ನಾಯಿ ನಡೆದು ಬರುತ್ತದೆ. ದ್ರೌಪದಿ ಬೀಳುತ್ತಾಳೆ, ಸಹದೇವ, ನಕುಲ, ಅರ್ಜುನ, ಭೀಮರು ಒಬ್ಬೊಬ್ಬರಾಗಿ ಬೀಳುತ್ತಾರೆ. ಕೊನೆಗೆ ಉಳಿದವರು ಧರ್ಮರಾಯ ಮತ್ತು ಆ ನಾಯಿ. ಇಂದ್ರನು ದಿವ್ಯರಥವನ್ನು ತಂದು ನಿಲ್ಲಿಸಿ ಏರಲು ಹೇಳುತ್ತಾನೆ. ಆದರೆ ನಾಯಿಗೆ ಅಲ್ಲಿ ಸ್ಥಳವಿಲ್ಲ ಎನ್ನುತ್ತಾನೆ. ನಂಬಿ ಬಂದದ್ದನ್ನು ಬಿಟ್ಟು ಪಡೆಯುವ ಸ್ವರ್ಗ ತನಗೆ ಬೇಡವೆಂದು ಧರ್ಮರಾಯನು ರಥದ ಹೊರಗೇ ನಿಂತುಬಿಡುತ್ತಾನೆ.

ಇಂದ್ರನ ಸ್ಥಾನದಲ್ಲಿ ಈಗ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕುಳಿತ ಯಾವನೋ ಯುವಕನೋ ಯುವತಿಯೋ ಇರುತ್ತಾರೆ. ಪ್ರಶ್ನೆ ಮಾತ್ರ ಅದೇ ಆಗಿದೆ. ಹಿಂದೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿ ಮಾಡಿದರೆ ಅಂಕಪಟ್ಟಿಯ ನಕಲನ್ನೋ, ಮಗುವಿಗೆ ಇಡಬಹುದಾದ ಹೆಸರನ್ನೋ ಕೇಳುತ್ತಿದ್ದರು. ಈಚಿನ ಕೆಲವು ವರ್ಷಗಳಲ್ಲಿ "ಮೇಷ್ಟ್ರೇ, ಅಮೆರಿಕಕ್ಕೆ ಹೋಗುತ್ತಿದ್ದೇವೆ, ನಾಯಿಯನ್ನು ಏನು ಮಾಡುವುದು?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಇತ್ತ ಬಂಧುಗಳ ಮನೆಯ ಸಮಾರಂಭಗಳಲ್ಲಿ ಇದೇ ವಿಷಯ ಬಂದರೆ, "ನಾಯಿಗೂ ವಿಮಾನವೇ? ಕಲಿಗಾಲ!" ಎಂದು ನಗುವ ಹಿರಿಯರು ಇದ್ದೇ ಇದ್ದಾರೆ. "ಅದು ನಾಯಿಯಲ್ಲ, ನಮ್ಮ ಮಗು, ಊಟಿಗೆ ಹೋದರೂ ಬಿಟ್ಟು ಹೋಗುವುದಿಲ್ಲ" ಎನ್ನುವ ಕಿರಿಯರೂ ಅಲ್ಲೇ ಪಕ್ಕದ ಎಲೆಯಲ್ಲಿ ಕುಳಿತಿರುತ್ತಾರೆ. ಈ ಇಬ್ಬರ ಮಾತನ್ನೂ ನಾನು ಒಪ್ಪಲಾರೆ. ಏಕೆ ಒಪ್ಪಲಾರೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟೇ: ಪ್ರಾಣಿಗೆ ಬೇಕಾಗಿರುವುದು ಪ್ರಯಾಣವಲ್ಲ, ನಾವು. ನಾಯಿಯಾಗಲಿ ಬೆಕ್ಕಾಗಲಿ ತಾಜಮಹಲನ್ನು ನೋಡಬೇಕೆಂದು ಹಂಬಲಿಸುವುದಿಲ್ಲ. ಆದ್ದರಿಂದ ನಾವು ಹಿಂದಿರುಗಿ ಬರುವುದಾದರೆ ಅದನ್ನು ಮನೆಯಲ್ಲೇ ಇರಗೊಡಬೇಕು. ನಾವು ಹಿಂದಿರುಗಿ ಬರುವುದಿಲ್ಲವಾದರೆ ಎಷ್ಟೇ ಕಷ್ಟವಾದರೂ ಅದನ್ನು ಜೊತೆಗೆ ಕರೆದೊಯ್ಯಬೇಕು, ಇಲ್ಲವೇ ಅದಕ್ಕೆ ನಂಬಿಕೆಯ ನೆಲೆಯೊಂದನ್ನು ಮೊದಲೇ ಒದಗಿಸಬೇಕು. ಧರ್ಮರಾಯನ ಕಥೆಯಲ್ಲೂ ಈ ಸೂಕ್ಷ್ಮವಿದೆ. ಅವನು ಹೊರಟದ್ದು ತೀರ್ಥಯಾತ್ರೆಗಲ್ಲ, ಮಹಾಪ್ರಸ್ಥಾನಕ್ಕೆ, ಅಂದರೆ ಮರಳಿ ಬಾರದ ಪಯಣಕ್ಕೆ. ಅದಕ್ಕಾಗಿಯೇ ಅಲ್ಲಿ ಬಿಟ್ಟು ಹೋಗುವ ಮಾತು ಅಧರ್ಮವಾಯಿತು.

ನಾಯಿಯ ಮೇಲಿನ ಅಕ್ಕರೆ ಪಶ್ಚಿಮದಿಂದ ಬಂದ ಶೋಕಿ ಎನ್ನುವ ಹಿರಿಯರಿಗೆ ಒಂದು ಮಾತನ್ನು ನೆನಪಿಸಬೇಕು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದಾಗ ಅವನ ಪಕ್ಷದಲ್ಲಿ ಕಾದಿದ ಗಂಗರ ಬೂತುಗನ ಬಳಿ ಮಣಲೇರನೆಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಒಡೆಯನು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಆ ಕಲ್ಲು ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಕ್ಕೂ ಹಿಂದೆ ನಾಯಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಅಕ್ಕರೆಯನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು ಆ ಅಕ್ಕರೆಗೆ ತಕ್ಕ ವಿವೇಕವನ್ನು.

ಇನ್ನು ಕಿರಿಯರಿಗೆ ಹೇಳಬೇಕಾದ ಮಾತು. ಆಕಾಶಯಾನದ ಚರಿತ್ರೆಯಲ್ಲಿ ಮನುಷ್ಯನಿಗಿಂತ ಮೊದಲು ಮೇಲೇರಿದ್ದು ಪ್ರಾಣಿಗಳು. 1783ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಮುಂದೆ ಮಾಂಟ್‌ಗಾಲ್ಫಿಯರ್ ಸೋದರರ ಬೆಲೂನಿನಲ್ಲಿ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಹಾರಿಬಿಟ್ಟರು. ಅವು ಜೀವಂತ ಇಳಿದ ಮೇಲಷ್ಟೇ, ನವೆಂಬರ್ 21ರಂದು, ಮನುಷ್ಯರು ಕಟ್ಟಿಲ್ಲದ ಬೆಲೂನನ್ನು ಹತ್ತಿದರು. 1957ರ ನವೆಂಬರ್ 3ರಂದು ರಷ್ಯನ್ನರು ಸ್ಪುಟ್ನಿಕ್-2ರಲ್ಲಿ ಕಳುಹಿಸಿದ ಲೈಕಾ ಎಂಬ ಮಾಸ್ಕೋದ ಬೀದಿನಾಯಿ ಹಿಂದಿರುಗಲೇ ಇಲ್ಲ; ಅದನ್ನು ಹಿಂದಕ್ಕೆ ತರುವ ಏರ್ಪಾಡೇ ಆ ನೌಕೆಯಲ್ಲಿರಲಿಲ್ಲ. ಈ ಯಾವ ಪ್ರಾಣಿಯೂ "ನನ್ನನ್ನು ಹಾರಿಸಿ" ಎಂದು ಕೇಳಿರಲಿಲ್ಲ. ಇಂದು ನಾವು ಬುಟ್ಟಿಯಲ್ಲಿಟ್ಟು ಒಯ್ಯುವ ಬೆಕ್ಕೂ ಕೇಳುವುದಿಲ್ಲ. ಪ್ರಾಣಿಯ ಒಪ್ಪಿಗೆಯಿಲ್ಲದೆ ನಡೆಯುವ ಕೆಲಸವಾದ್ದರಿಂದಲೇ, ಅದರ ಪರವಾಗಿ ಯೋಚಿಸುವ ಹೊಣೆ ಪೂರ್ತಿಯಾಗಿ ನಮ್ಮ ಮೇಲೆ ಬೀಳುತ್ತದೆ.

ಪ್ರಾಣಿಯ ಕಡೆಯಿಂದ ಈ ಪ್ರಯಾಣವನ್ನು ನೋಡೋಣ. ದೊಡ್ಡ ನಾಯಿಯಾದರೆ ಅದು ವಿಮಾನದ ಕೆಳಭಾಗದ ಸರಕಿನ ಕೋಣೆಯಲ್ಲಿ ಹೋಗಬೇಕು. ಅಲ್ಲಿ ಗಾಳಿಯೇ ಇರುವುದಿಲ್ಲವೆಂಬ ಭಯ ಹಲವರಿಗಿದೆ, ಅದು ನಿಜವಲ್ಲ. ಪ್ರಯಾಣಿಕರು ಕುಳಿತ ಭಾಗದಲ್ಲಿರುವಷ್ಟೇ ಗಾಳಿಯ ಒತ್ತಡ ಅಲ್ಲಿಯೂ ಇರುತ್ತದೆ. ಪ್ರಾಣಿಗಳನ್ನು ಇಡುವ ಭಾಗಕ್ಕೆ ಗಾಳಿಯ ಸಂಚಾರವನ್ನೂ ಹಿತವಾದ ಶಾಖವನ್ನೂ ಒದಗಿಸುತ್ತಾರೆ. ಹೆಚ್ಚಿನ ಅಪಾಯ ಇರುವುದು ನೆಲದ ಮೇಲೆ. ಬಿಸಿಲಿನಲ್ಲಿ ಕಾದ ಕಾಂಕ್ರೀಟಿನ ಮೇಲೆ ಕಾಯಿಸುವ ಹೊತ್ತು, ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗಿಸುವ ಹೊತ್ತು, ಎಂಜಿನ್ನಿನ ಅಬ್ಬರ, ಗುರುತಿಲ್ಲದ ಕೈಗಳು, ಕತ್ತಲೆ. ಏಕೆ, ಎಷ್ಟು ಹೊತ್ತು, ಮುಂದೇನು ಎಂಬ ಮೂರು ಪ್ರಶ್ನೆಗಳಿಗೂ ಅದಕ್ಕೆ ಉತ್ತರವಿಲ್ಲ. ನಮ್ಮ ಮಕ್ಕಳಿಗಾದರೆ "ಇನ್ನೇನು ಬಂದೇಬಿಟ್ಟಿತು" ಎಂದು ಸಮಾಧಾನ ಹೇಳಬಹುದು.

ಹೀಗಾಗಿ ಅಂತರರಾಷ್ಟ್ರೀಯ ವಿಮಾನಯಾನ ಸಂಘಟನೆಯಾದ ಐಯಾಟಾ ಪ್ರಾಣಿಗಳ ಸಾಗಣೆಗೆಂದೇ ನಿಯಮಾವಳಿಯನ್ನು ಪ್ರಕಟಿಸುತ್ತದೆ. ಅದರ ಸಾರ ಸರಳ: ಕ್ರೇಟಿನೊಳಗೆ ನಾಯಿ ತಲೆ ತಗ್ಗಿಸದೆ ನಿಲ್ಲಬೇಕು, ಸುತ್ತ ತಿರುಗಬೇಕು, ಸಹಜವಾಗಿ ಮಲಗಬೇಕು. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಅಳತೆಗೆ ಮುಂಗಾಲಿನ ಮೊಣಕೈ ಎತ್ತರದ ಅರ್ಧವನ್ನು ಕೂಡಿಸಿದರೆ ಕ್ರೇಟಿನ ಉದ್ದ. ಭುಜದ ಅಗಲದ ಎರಡರಷ್ಟು ಅದರ ಅಗಲ. ನಿಂತಾಗ ತಲೆ ಅಥವಾ ಕಿವಿಯ ತುದಿಯವರೆಗಿನದು ಅದರ ಎತ್ತರ. ಕ್ರೇಟನ್ನು ಹೊರಡುವ ಹಿಂದಿನ ದಿನ ಕೊಂಡು ತರಬಾರದು. ತಿಂಗಳುಗಳ ಮೊದಲೇ ತಂದು, ಬಾಗಿಲು ತೆರೆದಿಟ್ಟು, ಒಳಗೆ ಅದರ ಹಳೆಯ ಹೊದಿಕೆಯನ್ನು ಹಾಸಿ, ಊಟವನ್ನು ಅಲ್ಲೇ ಹಾಕಿ ಅಭ್ಯಾಸ ಮಾಡಿಸಬೇಕು. ನಿದ್ದೆ ಬರಿಸುವ ಔಷಧಿ ಕೊಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ಅದು ತಪ್ಪು. ಅಂಥ ಔಷಧಿ ಉಸಿರಾಟವನ್ನೂ ರಕ್ತದೊತ್ತಡವನ್ನೂ ಕುಗ್ಗಿಸುತ್ತದೆ. ಎತ್ತರದಲ್ಲಿ, ನೋಡಿಕೊಳ್ಳುವವರಿಲ್ಲದ ಜಾಗದಲ್ಲಿ ಅದು ಪ್ರಾಣಕ್ಕೇ ಮುಳುವಾಗಬಹುದು.

ಮೊಂಡುಮೂಗಿನ ನಾಯಿಗಳ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. 2003ರಲ್ಲಿ ಹಚ್ ದೂರವಾಣಿ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಹಿಂದೆ ಓಡುತ್ತಿದ್ದ ಪಗ್ ನಾಯಿ ನಿಮಗೆ ನೆನಪಿರಬಹುದು. ಆ ಮುದ್ದುಮುಖವನ್ನು ಕಂಡು ದೇಶದ ತುಂಬ ಜನ ಪಗ್ ಮರಿಗಳನ್ನು ಕೊಂಡರು. ಆದರೆ ಆ ಮುದ್ದು ಮೂಗೇ ಅದರ ಶಾಪ. ನಾಯಿ ಬೆವರುವುದು ಕಡಿಮೆ; ಮೈಯ ಕಾವನ್ನು ಹೊರಹಾಕುವುದು ತೇಕುವುದರ ಮೂಲಕ. ಮೂಗಿನ ಹಾದಿಯೇ ಕುಗ್ಗಿರುವ ನಾಯಿ ಭಯದಿಂದ, ಸೆಕೆಯಿಂದ ತೇಕತೊಡಗಿದರೆ ಉಸಿರು ಸಾಲದೆ ಹೋಗುತ್ತದೆ. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2005ರ ಮೇ ತಿಂಗಳಿಂದ ಅಲ್ಲಿಯ ವಿಮಾನಯಾನಗಳಲ್ಲಿ ಸತ್ತ 122 ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಥ ಮೊಂಡುಮೂಗಿನವು. ಇಂಗ್ಲಿಷ್ ಬುಲ್‌ಡಾಗ್‌ಗಳೇ 25, ಪಗ್‌ಗಳು 11. ಅನೇಕ ವಿಮಾನ ಸಂಸ್ಥೆಗಳು ಇಂಥ ತಳಿಗಳನ್ನು ಸರಕಿನ ಕೋಣೆಗೆ ಸೇರಿಸುವುದಿಲ್ಲ. ಅದನ್ನು ಅವರ ದಾಷ್ಟೀಕ ಎಂದು ದೂರುವ ಮೊದಲು ಈ ಅಂಕಿಗಳನ್ನು ನೋಡಬೇಕು.

ಜೊತೆಯಲ್ಲೇ ಕೂರಿಸಿಕೊಂಡು ಹೋದರೆ ಆಯಿತಲ್ಲ ಎಂದು ಕೇಳುವಿರಿ. ಸಣ್ಣ ಪ್ರಾಣಿಗಾದರೆ ಅದು ಸಾಧ್ಯ. ಏರ್ ಇಂಡಿಯಾದಲ್ಲಿ ಬಹಳ ಕಾಲದಿಂದ ಈ ಅವಕಾಶವಿದೆ. ಆಕಾಸ ಏರ್ ಸಂಸ್ಥೆ 2022ರ ನವೆಂಬರಿನಿಂದ ಆರಂಭಿಸಿತು, ಆಗ ಬುಟ್ಟಿಯೂ ಸೇರಿ 7 ಕಿಲೋ ಮಿತಿ. ಇನ್ನು ಕೆಲವು ಸಂಸ್ಥೆಗಳು ಸುತರಾಂ ಒಲ್ಲವು. ಮಿತಿ ಏಳೇ ಇರಲಿ ಹತ್ತೇ ಇರಲಿ, ಅದರೊಳಗೆ ಸೇರುವುದು ಬೆಕ್ಕು ಮತ್ತು ಪುಟ್ಟ ವಿಲಾಯಿತಿ ತಳಿಗಳು ಮಾತ್ರ. ನಮ್ಮ ಬೀದಿಯಲ್ಲಿ ಹುಟ್ಟಿ ಮನೆ ಸೇರಿದ ದೇಸಿ ನಾಯಿಯಾಗಲಿ, ಮುಧೋಳದ ಬೇಟೆನಾಯಿಯಾಗಲಿ ಆ ಬುಟ್ಟಿಯಲ್ಲಿ ಹಿಡಿಸಲಾರವು. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಚೆನ್ನೈಗೆ ಹೊರಟ ಒಬ್ಬ ಪ್ರಯಾಣಿಕರು ತಮ್ಮ ಪುಟ್ಟ ಮಾಲ್ಟೀಸ್ ನಾಯಿಯ ಸಲುವಾಗಿ ಏರ್ ಇಂಡಿಯಾ ವಿಮಾನದ ಬಿಸಿನೆಸ್ ದರ್ಜೆಯ ಆಸನಗಳೆಲ್ಲವನ್ನೂ ಕಾಯ್ದಿರಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಹಣವಿದ್ದವರ ಮಾತು ಬೇರೆ. ಮೇಲಿನ ಕೋಣೆಯಾದರೂ ಎಚ್ಚರ ತಪ್ಪುವಂತಿಲ್ಲ. 2018ರ ಮಾರ್ಚಿನಲ್ಲಿ ಹ್ಯೂಸ್ಟನ್ನಿನಿಂದ ನ್ಯೂಯಾರ್ಕಿಗೆ ಹೊರಟ ಯುನೈಟೆಡ್ ಸಂಸ್ಥೆಯ ವಿಮಾನದಲ್ಲಿ ಸಿಬ್ಬಂದಿಯ ಸೂಚನೆಯಂತೆ ತಲೆಯ ಮೇಲಿನ ಸಾಮಾನಿನ ಗೂಡಿಗೆ ಸೇರಿದ ಫ್ರೆಂಚ್ ಬುಲ್‌ಡಾಗ್ ಮರಿಯೊಂದು ಉಸಿರುಕಟ್ಟಿ ಸತ್ತಿತು.

ಇವೆಲ್ಲವನ್ನೂ ತೂಗಿ ನೋಡಿದಾಗ, ನಾಲ್ಕು ದಿನದ ಪ್ರವಾಸಕ್ಕೆಂದು ಪ್ರಾಣಿಯನ್ನು ವಿಮಾನ ಹತ್ತಿಸುವುದು ನಮ್ಮ ಸಂತೋಷಕ್ಕೇ ಹೊರತು ಅದರ ಸಂತೋಷಕ್ಕಲ್ಲ ಎಂಬುದು ಸ್ಪಷ್ಟ. ಅದಕ್ಕೆ ತನ್ನ ಹಾಸಿಗೆ, ತನ್ನ ತಟ್ಟೆ, ತಾನು ಮೂಸಿ ಗುರುತಿಟ್ಟ ಬೀದಿಯ ಮೂಲೆಗಳು ಸಾಕು. ಗುರುತಿನ ಒಬ್ಬರು ಹೊತ್ತಿಗೆ ಸರಿಯಾಗಿ ಅನ್ನ ಹಾಕಿ, ಎರಡು ಮಾತನಾಡಿಸಿದರೆ ಅದು ನಾಲ್ಕು ದಿನ ಕಾಯಬಲ್ಲದು. ನಮ್ಮ ಮಾವಳ್ಳಿಯಂಥ ಹಳೆಯ ಬಡಾವಣೆಗಳಲ್ಲಿ, ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲಿನಲ್ಲಿ, ಇದೊಂದು ದೊಡ್ಡ ಕೆಲಸವೇ ಆಗಿರಲಿಲ್ಲ. ಊರಿಗೆ ಹೋಗುವಾಗ ಬೀಗದ ಕೈಯನ್ನೂ ತುಳಸಿಗೆ ನೀರೆರೆಯುವ ಕೆಲಸವನ್ನೂ ಪಕ್ಕದ ಮನೆಗೆ ಒಪ್ಪಿಸಿದಂತೆ ನಾಯಿಯನ್ನೂ ಒಪ್ಪಿಸುತ್ತಿದ್ದರು. ಎತ್ತರದ ಅಪಾರ್ಟ್‌ಮೆಂಟುಗಳಿಗೆ ಹೋದ ಮೇಲೆ ಪಕ್ಕದ ಬಾಗಿಲಿನವರ ಹೆಸರೇ ತಿಳಿಯದಾಗಿ, ನಾಯಿಗೆ ಟಿಕೆಟ್ಟು ಬೇಕಾಯಿತು. ದೇಶದೊಳಗೆ ಒಯ್ಯಲೇಬೇಕಾದರೆ ರೈಲಿದೆ: ಮೊದಲ ದರ್ಜೆಯ ಎ.ಸಿ.ಯಲ್ಲಿ ಇಡೀ ಕೂಪೆಯನ್ನು ಕಾಯ್ದಿರಿಸಿಕೊಂಡರೆ ನಾಯಿ ನಮ್ಮ ಕಾಲ ಬಳಿಯಲ್ಲೇ ಮಲಗಿ ಬರುತ್ತದೆ.

ಇನ್ನು ಮರಳಿ ಬಾರದ ಪಯಣದ ಮಾತು. ಕೆಲಸದ ಮೇಲೆ ವರ್ಷಗಟ್ಟಲೆ ಹೊರದೇಶಕ್ಕೆ ಹೋಗುವವರು ವೀಸಾ ಕೈಗೆ ಬಂದ ದಿನ ನಾಯಿಯ ಕುರಿತು ಯೋಚಿಸತೊಡಗಿದರೆ ಕಾಲ ಮೀರಿರುತ್ತದೆ. ಯುರೋಪಿನ ಒಕ್ಕೂಟದ ಲೆಕ್ಕ ನೋಡಿ. ಮೊದಲು ಚರ್ಮದಡಿ ಮೈಕ್ರೋಚಿಪ್. ಆಮೇಲೆ ರೇಬಿಸ್ ಲಸಿಕೆ. ಕನಿಷ್ಠ 30 ದಿನಗಳ ನಂತರ ರಕ್ತ ತೆಗೆದು, ಲಸಿಕೆ ಹಿಡಿದಿದೆಯೇ ಎಂದು ಒಪ್ಪಿತ ಪ್ರಯೋಗಾಲಯದಲ್ಲಿ ಪರೀಕ್ಷೆ. ರಕ್ತ ತೆಗೆದ ದಿನದಿಂದ 3 ತಿಂಗಳ ಕಾಯುವಿಕೆ. ಎಲ್ಲವೂ ಸುಸೂತ್ರವಾದರೂ ನಾಲ್ಕು ತಿಂಗಳು. ಲಸಿಕೆ ಮೊದಲಾಗಿ ಚಿಪ್ ಆಮೇಲಾದರೆ ಆ ಲಸಿಕೆ ಲೆಕ್ಕಕ್ಕೇ ಇಲ್ಲ. ಬ್ರಿಟನ್ನಿನ ಲೆಕ್ಕವೂ ಬಹುಮಟ್ಟಿಗೆ ಇದೇ. ಜೊತೆಗೆ ನಮ್ಮ ದೇಶದಿಂದ ವಿಮಾನದಲ್ಲಿ ಹೋಗುವ ಸಾಕುಪ್ರಾಣಿ ಅಲ್ಲಿಗೆ ಸರಕಾಗಿಯೇ ಪ್ರವೇಶಿಸಬೇಕು. ಜಪಾನಿಗೆ ರಕ್ತಪರೀಕ್ಷೆಯ ಬಳಿಕ 180 ದಿನ ಕಾಯಬೇಕು. ಆಸ್ಟ್ರೇಲಿಯ ಭಾರತದಿಂದ ನೇರವಾಗಿ ಪ್ರಾಣಿಗಳನ್ನು ಬರಗೊಡುವುದಿಲ್ಲ. ಅವರು ಒಪ್ಪಿದ ಮತ್ತೊಂದು ದೇಶದಲ್ಲಿ ತಿಂಗಳುಗಟ್ಟಲೆ ಇದ್ದು ಹೋಗಬೇಕು. ಅಲ್ಲಿ ದೊಡ್ಡವರಿಗೊಂದು ಚಿಕ್ಕವರಿಗೊಂದು ಕಾನೂನಿಲ್ಲ: 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ಖಾಸಗಿ ವಿಮಾನದಲ್ಲಿ ಹೇಳದೆ ತಂದ ಎರಡು ಪುಟ್ಟ ನಾಯಿಗಳನ್ನು ಗಡುವು ಕೊಟ್ಟು ಹಿಂದಕ್ಕೆ ಕಳುಹಿಸಿದರು.

ನಮ್ಮ ಶಿಷ್ಯರಲ್ಲಿ ಬಹುಪಾಲು ಜನ ಹೋಗುವ ಅಮೆರಿಕದಲ್ಲಿ 2024ರ ಆಗಸ್ಟ್ 1ರಿಂದ ಹೊಸ ನಿಯಮ ಬಂದಿತು. ನಾಯಿಗೆ ಕನಿಷ್ಠ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು. ನಾಯಿಗಳಿಂದ ರೇಬಿಸ್ ಹರಡುವ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತವೂ ಸೇರಿರುವುದರಿಂದ, ಇಲ್ಲಿ ಲಸಿಕೆ ಹಾಕಿಸಿದ ನಾಯಿಗೆ ಸರ್ಕಾರಿ ಪಶುವೈದ್ಯಾಧಿಕಾರಿಯ ದೃಢೀಕರಣವೂ ರಕ್ತಪರೀಕ್ಷೆಯ ಫಲಿತಾಂಶವೂ ಬೇಕು. ಫಲಿತಾಂಶವಿಲ್ಲದಿದ್ದರೆ 28 ದಿನ ಪ್ರತ್ಯೇಕವಾಸ. ಎಲ್ಲ ವಿಮಾನ ನಿಲ್ದಾಣಗಳಲ್ಲೂ ಇಳಿಯುವಂತಿಲ್ಲ. ನಿಯಮ ಜಾರಿಗೆ ಬಂದಾಗ ಇಂಥ ನಾಯಿಗಳಿಗೆ ತೆರೆದಿದ್ದವು ಆರು ಊರುಗಳು ಮಾತ್ರ: ನ್ಯೂಯಾರ್ಕ್, ವಾಷಿಂಗ್ಟನ್, ಫಿಲಡೆಲ್ಫಿಯ, ಅಟ್ಲಾಂಟ, ಮಯಾಮಿ, ಲಾಸ್ ಏಂಜಲೀಸ್. ಸ್ಯಾನ್ ಫ್ರಾನ್ಸಿಸ್ಕೋಗೆ ಟಿಕೆಟ್ ತೆಗೆದ ಮೇಲೆ ಈ ಪಟ್ಟಿಯನ್ನು ನೋಡಿದರೆ ಪ್ರಯೋಜನವಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವವರು ಆಯಾ ದೇಶದ ಸರ್ಕಾರದ ಪ್ರಕಟಣೆಯನ್ನೂ, ಬೆಂಗಳೂರಿನಲ್ಲೇ ಇರುವ ಕೇಂದ್ರ ಸರ್ಕಾರದ ಪ್ರಾಣಿ ದಿಗ್ಬಂಧನ ಮತ್ತು ಪ್ರಮಾಣೀಕರಣ ಕಚೇರಿಯನ್ನೂ ವಿಚಾರಿಸಲೇಬೇಕು. ದಲ್ಲಾಳಿಯ ಬಾಯಿಮಾತನ್ನು ನಂಬಿ ಕೂರಬೇಡಿ.

"ನಮ್ಮ ದೇಶದ ನಾಯಿ ಎಂದರೆ ಇಷ್ಟೇಕೆ ತಾತ್ಸಾರ?" ಎಂದು ಕೆಲವರು ಸಿಟ್ಟಾಗುತ್ತಾರೆ. ಸಿಟ್ಟಾಗುವ ಬದಲು ನಾವು ಕನ್ನಡಿ ನೋಡಿಕೊಳ್ಳುವುದು ಮೇಲು. ಲೂಯಿ ಪಾಸ್ತರ್ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟದ್ದು 1885ರಲ್ಲಿ. ಅದಾಗಿ ಶತಮಾನವೇ ಕಳೆದ ಮೇಲೆ, 2003ರಲ್ಲಿ, ನಮ್ಮ ಮನೆಗೆ ಕೂಗಳತೆಯಲ್ಲಿರುವ ವಿಶ್ವೇಶ್ವರಪುರದ ಕಿಮ್ಸ್ ವೈದ್ಯರ ಮುಂದಾಳ್ತನದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ, ಭಾರತದಲ್ಲಿ ವರ್ಷಕ್ಕೆ 20,565 ಜನ ರೇಬಿಸ್‌ನಿಂದ ಸಾಯುತ್ತಾರೆಂದು ಅಂದಾಜು ಮಾಡಿತು. ಈಚಿನ ಮತ್ತೊಂದು ಸಮೀಕ್ಷೆಯ ಅಂದಾಜು 5,726. ಇಳಿದಿದೆ, ಸಂತೋಷ; ಆದರೆ ಲಸಿಕೆಯಿಂದ ಪೂರ್ತಿ ತಡೆಯಬಹುದಾದ ರೋಗಕ್ಕೆ ಇಷ್ಟು ಜೀವಗಳೇ? ನೆರೆಯ ಗೋವಾ ನಾಯಿಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕಿಸಿ 2021ರಲ್ಲಿ ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿಕೊಂಡಿತು. ನಿಮ್ಹಾನ್ಸ್ ಇರುವ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಮನ್ನಣೆಯ ರೇಬಿಸ್ ಪ್ರಯೋಗಾಲಯವೇ ಇರುವ ಬೆಂಗಳೂರಿಗೆ ಇದು ಅಸಾಧ್ಯವಲ್ಲ. ನಮ್ಮ ಬೀದಿಯ ನಾಯಿಗೆ ಹಾಕಿಸದ ಲಸಿಕೆಯ ಬೆಲೆಯನ್ನು ನಮ್ಮ ಮನೆಯ ನಾಯಿ ವಿಮಾನ ನಿಲ್ದಾಣದಲ್ಲಿ ತೆರುತ್ತಿದೆ.

ಹೊರಗಿನಿಂದ ಬರುವವರಿಗೂ ಬಾಗಿಲು ಅಗಲವಾಗಿಲ್ಲ. 2013ರ ಸುಂಕ ಇಲಾಖೆಯ ಸುತ್ತೋಲೆ, ಎರಡು ವರ್ಷ ಹೊರದೇಶದಲ್ಲಿದ್ದು ವಾಸ್ತವ್ಯ ಬದಲಿಸಿ ಬರುವವರಿಗೆ ಮಾತ್ರ, ಅದೂ ಎರಡು ಪ್ರಾಣಿಗಳ ಮಿತಿಯಲ್ಲಿ, ಸಾಕುಪ್ರಾಣಿಯನ್ನು ಸಾಮಾನಿನ ಲೆಕ್ಕದಲ್ಲಿ ತರಲು ಅವಕಾಶ ಕೊಟ್ಟಿತು. ಆದರೆ ಮನಸ್ಸಿದ್ದರೆ ಸರ್ಕಾರ ಬಾಗಬಲ್ಲದು ಎಂಬುದಕ್ಕೂ ನಿದರ್ಶನವಿದೆ. 2022ರ ಫೆಬ್ರುವರಿ-ಮಾರ್ಚಿನಲ್ಲಿ ಉಕ್ರೇನಿನ ಯುದ್ಧದಿಂದ ಪಾರಾಗಿ ಬರುತ್ತಿದ್ದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು, ನಾಯಿ ಬೆಕ್ಕುಗಳನ್ನು ಬಿಟ್ಟು ವಿಮಾನ ಹತ್ತುವುದಿಲ್ಲವೆಂದರು. ಆಗ ಸರ್ಕಾರ ಒಂದು ಬಾರಿಯ ವಿನಾಯಿತಿ ಕೊಟ್ಟು ಆ ಪ್ರಾಣಿಗಳನ್ನೂ ಬರಮಾಡಿಕೊಂಡಿತು. ಇಪ್ಪತ್ತು ವರ್ಷದ ಮಕ್ಕಳು ಬಾಂಬುಗಳ ನಡುವೆ ತೋರಿದ ಆ ಹಟವನ್ನು ನಾನು ಹುಡುಗಾಟವೆಂದು ಕರೆಯಲಾರೆ.

ಏಕೆಂದರೆ ಇದರ ಮತ್ತೊಂದು ಮುಖವನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಒಂದು ಕುಟುಂಬ ಮನೆ ಖಾಲಿ ಮಾಡಿ ಹೊರದೇಶಕ್ಕೆ ಹೋಯಿತು. ಎಂಟು ವರ್ಷ ಸಾಕಿದ ನಾಯಿಯನ್ನು "ಬೀದಿಯವರು ನೋಡಿಕೊಳ್ಳುತ್ತಾರೆ" ಎಂದು ಬಿಟ್ಟು ಹೋದರು. ಬೀದಿಯವರು ನೋಡಿಕೊಂಡದ್ದೇನೋ ನಿಜ. ಅನ್ನ ಹಾಕಿದರು, ಮಳೆಗೆ ಗೋಣಿ ಹಾಸಿದರು. ಆದರೆ ಸಂಜೆ ಆರು ಗಂಟೆಗೆ, ಯಜಮಾನರ ಸ್ಕೂಟರು ಬರುತ್ತಿದ್ದ ಹೊತ್ತಿಗೆ, ಅದು ಎಲ್ಲಿದ್ದರೂ ಓಡಿ ಬಂದು ಬೀಗ ಹಾಕಿದ ಗೇಟಿನ ಮುಂದೆ ಕೂರುತ್ತಿತ್ತು. ಹೊಸ ಬಾಡಿಗೆದಾರರು ಬಂದ ಮೇಲೂ ಹಾಗೆಯೇ ಕೂರುತ್ತಿತ್ತು. ಒಂದು ಮಳೆಗಾಲ ಕಳೆದು, ಮತ್ತೊಂದು ಮಳೆಗಾಲದ ನಡುವೆ ಅದು ಅಲ್ಲೇ ಸತ್ತಿತು. ಹೋದವರು ಕೆಟ್ಟವರಲ್ಲ, ಒಳ್ಳೆಯ ಜನ, ಸುಶಿಕ್ಷಿತರು. ಅವರಿಗೆ ಸಾಲದೆ ಬಂದದ್ದು ಹಣವಲ್ಲ, ನಾಲ್ಕು ತಿಂಗಳ ಮುಂದಾಲೋಚನೆ.

ಕಾನೂನು ಏನು ಹೇಳುತ್ತದೆ ಎಂದು ಕೇಳಬಹುದು. ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಮೊದಲ ಅಪರಾಧಕ್ಕೆ ಆ ಕಾಯ್ದೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಹೌದು, ಐವತ್ತೇ ರೂಪಾಯಿ. ಲಾಲ್‌ಬಾಗ್ ರಸ್ತೆಯ ಹೋಟೆಲಿನಲ್ಲಿ ಒಂದು ಮಸಾಲೆದೋಸೆಗೂ ಅದು ಸಾಲದು. ನಾಯಿಯನ್ನು ಜೊತೆಗೆ ಒಯ್ಯುವವನಿಗೆ ಲಕ್ಷಗಟ್ಟಲೆ ಖರ್ಚು, ಬೀದಿಗೆ ಬಿಡುವವನಿಗೆ ಐವತ್ತು ರೂಪಾಯಿ ಎಂದರೆ, ಕಾನೂನು ಯಾರಿಗೆ ದಾರಿ ತೋರಿಸುತ್ತಿದೆ?

ಎಲ್ಲ ಪ್ರಾಣಿಗಳನ್ನೂ ಒಯ್ಯಲು ಸಾಧ್ಯವಿಲ್ಲ ಎಂಬುದನ್ನೂ ಒಪ್ಪಬೇಕು. ಹದಿಮೂರು ವರ್ಷದ ಮುದಿ ಲ್ಯಾಬ್ರಡಾರ್, ಹೃದಯ ದುರ್ಬಲವಾದ ನಾಯಿ, ಮೊಂಡುಮೂಗಿನ ಪಗ್ ಇವನ್ನು ಇಪ್ಪತ್ತು ಗಂಟೆಯ ಪಯಣಕ್ಕೆ ಒಡ್ಡುವುದು ಪ್ರೀತಿಯಲ್ಲ. ಆಗ ಮಾಡಬೇಕಾದದ್ದು ಅದರ ನಂಬಿಕೆಯನ್ನು ಮತ್ತೊಬ್ಬರಿಗೆ ನಿಧಾನವಾಗಿ ವರ್ಗಾಯಿಸುವುದು. ಹೊರಡುವ ಮೂರು ನಾಲ್ಕು ತಿಂಗಳ ಮೊದಲೇ ಅದನ್ನು ನೋಡಿಕೊಳ್ಳುವವರ ಮನೆಗೆ ವಾರಕ್ಕೆರಡು ದಿನ ಬಿಟ್ಟು ಬನ್ನಿ. ಅವರ ಕೈಯ ಊಟ, ಅವರ ದನಿ, ಅವರ ಮನೆಯ ವಾಸನೆ ಅಭ್ಯಾಸವಾಗಲಿ. ಔಷಧಿಯ ಖರ್ಚನ್ನು ನೀವೇ ಹೊತ್ತುಕೊಳ್ಳಿ. ಒಂದು ಮಾತು ಮಾತ್ರ ಎಚ್ಚರ: ಎಪ್ಪತ್ತೈದು ದಾಟಿದ ತಂದೆತಾಯಿಯ ಕೈಗೆ, ಅವರ ಶಕ್ತಿಯನ್ನು ಕೇಳದೆ, ಸರಪಳಿ ಎಳೆಯುವ ಮೂವತ್ತು ಕಿಲೋ ನಾಯಿಯನ್ನು ಒಪ್ಪಿಸಿ ಹೋಗಬೇಡಿ. ಬಸವನಗುಡಿ ಚಾಮರಾಜಪೇಟೆಗಳ ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವುದು ಇಬ್ಬರು ವೃದ್ಧರು ಮತ್ತು ಮಕ್ಕಳು ಬಿಟ್ಟುಹೋದ ಒಂದು ನಾಯಿ. ಕೆಲವರಿಗೆ ಅದು ಸಂಗಾತಿ. ಕೆಲವರಿಗೆ ಬಾಯಿಬಿಟ್ಟು ಹೇಳಲಾಗದ ಹೊರೆ. ಯಾವುದೆಂಬುದನ್ನು ಕೇಳಿ ತಿಳಿದುಕೊಳ್ಳಿ.

ವಿಮಾನ ಸಂಸ್ಥೆಗಳಿಂದ ನಾನು ನಿರೀಕ್ಷಿಸುವುದು ಮೂರೇ ಸಂಗತಿ. ನಿಯಮವನ್ನು ಒಂದೇ ಪುಟದಲ್ಲಿ, ಆಯಾ ನಾಡಿನ ಭಾಷೆಯಲ್ಲಿಯೂ, ಸ್ಪಷ್ಟವಾಗಿ ಬರೆಯಲಿ; ಒಮ್ಮೆ ಲಿಖಿತವಾಗಿ ಒಪ್ಪಿದ್ದನ್ನು ಕೌಂಟರಿನಲ್ಲಿ ಅಲ್ಲಗಳೆಯದಿರಲಿ; ಕ್ರೇಟು ಒಳಗೆ ಸೇರಿದ ಮೇಲೆ, ಇಳಿದ ಮೇಲೆ ಪ್ರಾಣಿ ಕ್ಷೇಮವಾಗಿದೆಯೆಂದು ಒಡೆಯನಿಗೊಂದು ಸಂದೇಶ ಕಳುಹಿಸಲಿ. ಚೀಲ ಎಲ್ಲಿದೆಯೆಂದು ಮೊಬೈಲಿನಲ್ಲಿ ತೋರಿಸಬಲ್ಲ ಕಾಲದಲ್ಲಿ ಇದೇನೂ ಅತಿಯಾಸೆಯಲ್ಲ. ಸಹಪ್ರಯಾಣಿಕರ ಹಕ್ಕನ್ನೂ ಮರೆಯಬಾರದು. ಪಕ್ಕದಲ್ಲಿ ಬೆಕ್ಕಿನ ಕೂದಲಿಗೆ ಉಬ್ಬಸ ಬರುವವರಿರಬಹುದು, ನಾಯಿಗೆ ಹೆದರುವ ಮಗುವಿರಬಹುದು. ಅವರಿಗೆ ದೂರದ ಆಸನವನ್ನು ಕೇಳಿ ಪಡೆಯುವ ಅವಕಾಶವಿರಬೇಕು.

ಕೊನೆಗೆ ಉಳಿಯುವ ಮಾತು ಒಂದೇ. ವಿಮಾನ ಹತ್ತಿಸುವ ತೀರ್ಮಾನ ಆಗುವುದು ವಿಮಾನ ನಿಲ್ದಾಣದಲ್ಲಿ ಅಲ್ಲ; ಮರಿಯನ್ನು ಮನೆಗೆ ತಂದ ದಿನ. ಅದು ಹತ್ತು ಹನ್ನೆರಡು ವರ್ಷ ಬದುಕುವ ಜೀವ. ಆ ಅವಧಿಯಲ್ಲಿ ನೀವು ಎಲ್ಲೆಲ್ಲಿಗೆ ಹೋಗಬಹುದು, ನಿಮ್ಮ ಕೆಲಸ ನಿಮ್ಮನ್ನು ಎಲ್ಲಿಗೆ ಒಯ್ಯಬಹುದು ಎಂದು ಅಂದೇ ಕೇಳಿಕೊಳ್ಳಬೇಕು. ಮಗು ಹಟ ಮಾಡಿತೆಂದು, ಜಾಹೀರಾತಿನಲ್ಲಿ ಮುದ್ದಾಗಿ ಕಂಡಿತೆಂದು ತರುವ ಮರಿ, ಮೂರನೆಯ ವರ್ಷ ಗೇಟಿನ ಹೊರಗೆ ಕೂರುವಂತಾಗಬಾರದು. ತಂದ ದಿನವೇ ಮೈಕ್ರೋಚಿಪ್ ಹಾಕಿಸಿ, ಕಾಲಕಾಲಕ್ಕೆ ಲಸಿಕೆ ಹಾಕಿಸಿ ಪುಸ್ತಕದಲ್ಲಿ ಬರೆಸಿಡಿ. ಎಂದಾದರೊಂದು ದಿನ ಹೊರಡುವ ಕಾಲ ಬಂದರೆ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಅಷ್ಟು ಮಾಡಲಾಗದಿದ್ದರೆ ತರಬೇಡಿ. ಬೀದಿಯ ನಾಯಿಗೆ ದಿನಕ್ಕೊಂದು ಹಿಡಿ ಅನ್ನ ಹಾಕಿ, ವರ್ಷಕ್ಕೊಮ್ಮೆ ಲಸಿಕೆ ಕೊಡಿಸಿ. ಅದಕ್ಕೂ ಪುಣ್ಯವಿದೆ, ಟಿಕೆಟ್ಟಿನ ತೊಂದರೆಯೂ ಇಲ್ಲ.